ಹೆಡ್ ಕ್ಲಾರ್ಕರ ಕಿರುಬೆರಳು

ಹೆಡ್ ಕ್ಲಾರ್ಕ್ ಸಾಹೇಬರು ಎಡಗೈಯ ಕಿರುಬೆರಳಿಗೆ ಉದ್ದ ಉಗುರು ಬಿಟ್ಟಿದ್ದಾರೆ ಎಂದರೆ ತಪ್ಪಾದೀತು. ಆ ಉಗುರಿಗೆ ಒಬ್ಬ ಹೆಡ್ ಕ್ಲಾರ್ಕ್ ಅಂಟಿಕೊಂಡಿದ್ದಾರೆ ಎನ್ನಬೇಕು. ಲಕೋಟೆ ಸೀಳುವುದು ಅದರಿಂದಲೇ, ಕಿವಿ ಕೆರೆಯುವುದು ಅದರಿಂದಲೇ, ಟೈಪಿಸ್ಟಮ್ಮನ ತಪ್ಪಿನ ಕೆಳಗೆ ಗೆರೆ ಎಳೆದು "ಏನಮ್ಮಾ ಇದು?" ಎನ್ನುವುದೂ ಅದರಿಂದಲೇ. ಹೋದ ವಾರ ಅದು ಮೇಜಿನ ಡ್ರಾಯರಿಗೆ ಸಿಕ್ಕಿ ಸೀಳು ಬಿಟ್ಟಾಗ ಅರ್ಧ ದಿನ ರಜೆ ಬರೆದುಕೊಟ್ಟರು. ಕಾರಣದ ಜಾಗದಲ್ಲಿ "ಅಂಗಹಾನಿ" ಎಂದಿತ್ತು. ಬೆರಳಿನ ಪಟ್ಟಿ ನೋಡಿದ ಮುದಿ ಜವಾನ "ಉಗುರುಸುತ್ತಾ ಸಾರ್?" ಎಂದದ್ದಕ್ಕೆ ಕೆಂಡವಾದರು: "ಸುತ್ತಲ್ಲಯ್ಯಾ, ಸೀಳು!" ಕತ್ತರಿಸಿಬಿಡಿ ಎಂದವರ ಜೊತೆ ಮಾತೇ ಬಿಟ್ಟರು. ಮನೆಯಲ್ಲಿ ಅದರ ಶುಶ್ರೂಷೆಯೆಲ್ಲ ಹೆಂಡತಿಯ ಪಾಲಿಗೆ. ದಿನಾ ಸಂಜೆ ಆಕೆ ಬೆರಳನ್ನು ತೊಳೆದು ಒರೆಸಿ, ಟೀ ಬ್ಯಾಗಿನ ತೆಳು ಕಾಗದವನ್ನು ಅಕ್ಕಿಕಾಳಿನಷ್ಟು ಕತ್ತರಿಸಿ, ಗೋಂದು ಹಚ್ಚಿ ಸೀಳಿನ ಮೇಲೆ ಕೂರಿಸಿ, ಒಣಗುವವರೆಗೆ ಊದಬೇಕು. ಅಷ್ಟು ಹೊತ್ತೂ ಸಾಹೇಬರು ಕಣ್ಣು ಮುಚ್ಚಿ "ಮೆಲ್ಲಗೆ ಕಣೇ, ಮೆಲ್ಲಗೆ" ಎಂದು ಹೆರಿಗೆ ನೋವಿನವರ ಹಾಗೆ ನರಳುತ್ತಿರುತ್ತಾರೆ. ನಿನ್ನೆ ಆ ಕಾಗದದ ಚೂರು ಮೇಜಿಗೆ ಅಂಟಿಕೊಂಡುಬಿಟ್ಟಿತು. ಆಕೆ ಎಷ್ಟು ಗೀರಿದರೂ ಕೈಗೆ ಸಿಗಲಿಲ್ಲ. ಸಾಹೇಬರು ರೇಗಿದರು. "ಉಗುರಲ್ಲಿ ಎತ್ತೇ! ನಿನಗೇನು ಉಗುರೇ ಇಲ್ವಾ?" ಪಾತ್ರೆ ತಿಕ್ಕಿ ತಿಕ್ಕಿ ಸವೆದ ತನ್ನ ಬೆರಳುಗಳನ್ನು ಆಕೆ ಒಮ್ಮೆ ನೋಡಿಕೊಂಡು, "ಇತ್ತು ರೀ, ಮದುವೆಗೆ ಮುಂಚೆ" ಎಂದಳು. ಆಮೇಲೆ ಒದ್ದೆ ಬೆರಳತುದಿಯಿಂದ ಆ ಚೂರನ್ನು ಎಬ್ಬಿಸಿ ಸೀಳಿನ ಮೇಲೆ ಕೂರಿಸಿ, "ಅಲುಗಾಡಬೇಡಿ, ಒಣಗಲಿ" ಎಂದು ಊದತೊಡಗಿದಳು.