ಮದುಮಗನಿಗೆ ಕಟ್ಟಿದ ಕೆಂಪು ಬಟ್ಟೆ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಿಡಿಯಣ್ಣ ಎಂದು. ಗೇಟು, ಗ್ರಿಲ್ಲು ಬೆಸೆಯುವವನಿಗೆ ಒಪ್ಪುವ ಹೆಸರೇ. ಆದರೆ ಇಟ್ಟವರು ವೆಲ್ಡಿಂಗ್ ಕಿಡಿ ನೋಡಿ ಇಟ್ಟದ್ದಲ್ಲ, ಬಾಯಿಂದ ಹಾರುವ ಕಿಡಿ ನೋಡಿ ಇಟ್ಟದ್ದು. ಗಿರಾಕಿಯೊಬ್ಬ ಹೊಸ ಗೇಟು ನೋಡಿ, "ಸ್ವಲ್ಪ ಸೊಟ್ಟ ಅಲ್ವಾ?" ಎಂದದ್ದಕ್ಕೆ, "ಗೇಟು ನೆಟ್ಟಗಿದೆ, ನಿನ್ನ ಮನೇನೇ ಸೊಟ್ಟ" ಎಂದು ಹೇಳಿ, ಗೇಟನ್ನು ಗಾಡಿಗೆ ಹೇರಿಕೊಂಡು ವಾಪಸು ಬಂದ ಆಸಾಮಿ. ಮನೆ ನಿಜವಾಗಿಯೂ ಸೊಟ್ಟಗಿತ್ತು, ಅದು ಬೇರೆ ಮಾತು.

ಇಂಥವನ ಕೈಗೆ ಗುಲಾಬಿ ಹಿಡಿಸಿದವಳು ಹೆಂಡತಿ. ಬಾಗಿಲಿಗೂ ಕಾಂಪೌಂಡಿಗೂ ನಡುವೆ ಮಂಚದಷ್ಟು ಅಗಲದ ಒಂದು ಪಟ್ಟಿ ಮಣ್ಣಿತ್ತು. ಅಲ್ಲಿ ಆರು ಗಿಡ. ನರ್ಸರಿಯವನು ಹೇಳಿದ ಹೆಸರುಗಳು ನಾಲಿಗೆಗೆ ಹತ್ತಲಿಲ್ಲವಾದ್ದರಿಂದ ಗಂಡಹೆಂಡಿರೇ ನಾಮಕರಣ ಮಾಡಿದ್ದರು. ಕಡುಗೆಂಪಿನದು, ಒಂದು ಕಡ್ಡಿಗೆ ಒಂದೇ ಹೂವು ಬಿಟ್ಟು ಎದೆ ಸೆಟೆದು ನಿಲ್ಲುವುದು, ದಫೇದಾರ. ಕೆನೆಬಣ್ಣದ ಎಸಳಿಗೆ ಕೆಂಪು ಅಂಚು ಇರುವುದು ಮದುಮಗ. ತಿಳಿಗುಲಾಬಿ ಬಣ್ಣದ್ದು, ಮಧ್ಯಾಹ್ನದೊಳಗೆ ತಲೆ ಬಗ್ಗಿಸಿ ಉದುರುವುದು, ಆದರೆ ಅರಳಿದರೆ ಬಚ್ಚಲುಮನೆಯವರೆಗೆ ಪರಿಮಳ ಬರುವುದು, ಅಜ್ಜಿ. ಗೊಂಚಲು ಗೊಂಚಲು ಸಣ್ಣ ಬಿಳಿ ಹೂವಿನದು ಚಿಲ್ಲರೆ. ಉಳಿದೆರಡು ಹಳದಿ. ಅವಕ್ಕೆ ಹೆಸರಿಡುವಷ್ಟು ಪ್ರೀತಿ ಯಾರಿಗೂ ಇರಲಿಲ್ಲ.

ಕಾದ ಕಬ್ಬಿಣದ ಹೊಗೆ ಕುಡಿದೂ ಕುಡಿದೂ ಕಿಡಿಯಣ್ಣನ ಮೂಗು ಸತ್ತುಹೋಗಿತ್ತು. ಅವನಿಗೆ ಗುಲಾಬಿ ಏನಿದ್ದರೂ ಕಣ್ಣಿಗೆ. ಅವಳಿಗೆ ಮೂಗಿಗೆ. ಹಾಗಾಗಿ ದಫೇದಾರ, ಮದುಮಗ ಇಬ್ಬರೂ ಅವನ ಪಕ್ಷ. ಅಜ್ಜಿ, ಚಿಲ್ಲರೆ ಅವಳ ಪಕ್ಷ. ಆರೂ ಗಿಡಕ್ಕೆ ಜಾಗ ಇರುವವರೆಗೆ ಈ ಪಕ್ಷಭೇದದಿಂದ ಯಾರಿಗೂ ತೊಂದರೆಯಿರಲಿಲ್ಲ.

ರಸ್ತೆ ಅಗಲ ಮಾಡುವವರು ಬಂದು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಹೋದಾಗ ತೊಂದರೆ ಶುರುವಾಯಿತು. ಆ ಪಟ್ಟಿ ಮಣ್ಣು ಪೂರ್ತಿ ಹೋಗುತ್ತದೆ. ಗಿಡ ಉಳಿಸಬೇಕಾದರೆ ತಾರಸಿಗೆ ಏರಿಸಬೇಕು. ಕಿಡಿಯಣ್ಣ ಎಣ್ಣೆ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು, ತಳಕ್ಕೆ ತೂತು ಹೊಡೆದು ಸಿದ್ಧ ಮಾಡಿದ. ಗಾರೆಯವನು ಬಂದು ತಾರಸಿಯ ಮೇಲೆ ಕಾಲಲ್ಲಿ ಗುದ್ದಿ ನೋಡಿದ.

"ಕಂಬ ಇರೋ ಮೂರು ಮೂಲೆಗೆ ಒಂದೊಂದರಂತೆ ಇಡಿ. ನಾಲ್ಕನೇದು ಇಟ್ರೆ ಅದು ನಿಮ್ಮ ಅಡುಗೆಮನೇಲೇ ಅರಳತ್ತೆ" ಎಂದು ಹೇಳಿ ಹೋದ.

ಮೂರು. ದಫೇದಾರನೂ ಅಜ್ಜಿಯೂ ಹೋಗಲೇಬೇಕು, ಅದರಲ್ಲಿ ಮಾತಿಲ್ಲ. ಮೂರನೆಯದು ಮದುಮಗನೋ ಚಿಲ್ಲರೆಯೋ?

"ವರ್ಷವಿಡೀ ಹೂ ಬಿಡೋದು ಯಾವುದು ಹೇಳಿ? ನಿಮ್ಮ ಮದುಮಗ ಮೂರು ತಿಂಗಳು ಶೃಂಗಾರ ಮಾಡ್ಕೊಂಡು ಒಂದು ಸಲ ಮುಖ ತೋರಿಸ್ತಾನೆ" ಎಂದಳು ಹೆಂಡತಿ.

"ತೋರಿಸಿದ್ರೆ ರಸ್ತೇಲಿ ಹೋಗೋರು ಸೈಕಲ್ ನಿಲ್ಸಿ ನೋಡ್ತಾರೆ. ನಿನ್ನ ಚಿಲ್ಲರೇನ ಯಾವನು ನೋಡ್ತಾನೆ? ಬೇಲಿ ಗಿಡ ಅದು!"

"ತಾರಸಿ ಮೇಲೆ ಯಾವ ಸೈಕಲ್ ಬರತ್ತೆ ರೀ?"

ಮಾತಲ್ಲಿ ಸೋತಾಗ ಅವನು ಏನು ಮಾಡುತ್ತಾನೋ ಅದನ್ನೇ ಮಾಡಿದ, ಗಂಟಲು ಏರಿಸಿದ. "ನಾನು ಕೊಯ್ದ ಡ್ರಮ್ಮು, ನಾನು ಹೊರೋ ಮಣ್ಣು! ಈ ಮನೇಲಿ ನನ್ನದು ಅಂತ ಇನ್ನೊಂದು ಗಿಡ ಇರೋದೂ ಬೇಡ್ವಾ?" ತಟ್ಟೆಯನ್ನು ಸದ್ದಾಗುವಂತೆ ಇಟ್ಟು ಎದ್ದ. ಅವಳು ಆ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಅದು ಕಂಡು ಅವನಿಗೆ ಇನ್ನೂ ಉರಿ.

ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಅವನು ಬೇಕೆಂದೇ ಬಚ್ಚಲಲ್ಲಿದ್ದ. ಅವಳು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ, ಹೊಲಿದು ಬಂದ ಅಂಗಿಗಳನ್ನು ತಪಾಸಣೆ ಮಾಡುವವಳು.

"ಇವತ್ತೇ ಈ ಸಾಲಿಗೆ ಜೆಸಿಬಿ ಬರತ್ತಂತೆ. ಮೂರನೇದಕ್ಕೆ ಬಟ್ಟೆ ಕಟ್ಟಿದೀನಿ. ನೋಡ್ಕೊಂಡು ಕೆಲಸ ಮಾಡಿ" ಎಂದು ಹೊರಗಿನಿಂದಲೇ ಕೂಗಿದಳು. ಒಳಗೆ ನಲ್ಲಿ ಸುರಿಯುತ್ತಿತ್ತು. ಅವನ ಕಿವಿಗೆ ಬಿದ್ದದ್ದು ಜೆಸಿಬಿ, ಬಟ್ಟೆ, ಕೆಲಸ ಎಂಬ ಮೂರೇ ಮಾತು. "ಹೂಂ" ಎಂದ. ಏನಂದೆ ಎಂದು ಕೇಳಿದರೆ ಸೋತಂತೆ!

ಹೊರಗೆ ಬಂದು ನೋಡಿದರೆ ಮದುಮಗನ ಕೊರಳಿಗೆ ಕೆಂಪು ಬಟ್ಟೆಯ ಚೂರು.

ಕಿಡಿಯಣ್ಣನ ಶೆಡ್ಡಿನಲ್ಲಿ ಕೆಂಪು ಬಟ್ಟೆಗೆ ಒಂದೇ ಅರ್ಥ. ಅಳತೆ ತಪ್ಪಿದ ಸರಳು, ಬಿರುಕು ಬಿಟ್ಟ ಪಟ್ಟಿ, ಯಾವುದಕ್ಕೆ ಕೆಂಪು ಚಿಂದಿ ಕಟ್ಟಿದರೂ ಅದು ಗುಜರಿಗೆ. ಮರುಮಾತಿಲ್ಲ. ಹದಿಹರೆಯದಿಂದ ಅದನ್ನೇ ನೋಡಿಕೊಂಡು ಬಂದವನ ಕಣ್ಣಿಗೆ ಇನ್ನೇನು ಕಾಣಬೇಕು? ಅಷ್ಟು ಮಾತಾಡಿದ ಮೇಲೂ, ಬಾಯಿ ಬಿಟ್ಟು ಹೇಳದೆ, ಅವನದನ್ನೇ ಗುಜರಿಗೆ ಹಾಕಿ ಹೋಗಿದ್ದಾಳೆ!

ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಫೋನು ಜೇಬಿನಲ್ಲೇ ಇತ್ತು. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಜೇಬು ದೂರ. "ಬೇಡ್ವಾ? ಬೇಡ ಅಂದ್ರೆ ಬೇಡ. ಜೆಸಿಬಿ ಯಾಕೆ, ನಾನೇ ತೆಗೀತೀನಿ" ಎಂದು ಒಬ್ಬನೇ ಗೊಣಗುತ್ತ ಕೊಡಲಿ ತಂದ. ಬುಡದಲ್ಲಿ ಉಬ್ಬಿದ ಗಂಟು ಕಾಣುತ್ತಿತ್ತು. ಕಾಡುಬೇರಿಗೆ ಒಳ್ಳೆಯ ಜಾತಿಯನ್ನು ಕಸಿ ಕಟ್ಟುವುದು ಅಲ್ಲಿಯೇ. ಗಂಟಿನ ಕೆಳಗೆ ಕೊಯ್ದರೆ ಆಮೇಲೆ ಚಿಗುರುವುದು ಬರೀ ಕಾಡುಮುಳ್ಳು. ನರ್ಸರಿಯವನು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದದ್ದಕ್ಕೇ ಗಂಟಿನ ಕೆಳಗೇ ಹೊಡೆದ. ಎರಡೇ ಏಟು. ಎರಡು ಮೊಗ್ಗಿದ್ದವು, ಗಿಡ ಎತ್ತಿ ರಸ್ತೆಗೆ ಎಸೆದಾಗ ಅವನ್ನೂ ನೋಡಲಿಲ್ಲ.

ಆಮೇಲೆ ದಫೇದಾರನನ್ನು, ಅಜ್ಜಿಯನ್ನು ಮಣ್ಣಿನ ಹೆಂಟೆ ಒಡೆಯದಂತೆ ಗೋಣಿಯಲ್ಲಿ ಸುತ್ತಿ ಮೇಲಕ್ಕೆ ಹೊತ್ತ. ಕೊನೆಗೆ ಚಿಲ್ಲರೆಯನ್ನು. ಅದನ್ನು ಬೈಯುತ್ತಲೇ ಹೊತ್ತ, ಬೈಯುತ್ತಲೇ ನೆಟ್ಟ, ಆದರೆ ಒಂದು ಬೇರಿಗೂ ಪೆಟ್ಟಾಗಲು ಬಿಡಲಿಲ್ಲ. ಕೆಲಸ ಕೆಡಿಸುವುದು ಅವನಿಗೆ ಗೊತ್ತಿಲ್ಲ. ಮಾತು ಮಾತ್ರ ಕೆಡಿಸಿ ಅಭ್ಯಾಸ.

ಮೆಟ್ಟಿಲಿಳಿದು ಬರುವಾಗ ಪಕ್ಕದ ಮನೆಯ ಕಾಂಪೌಂಡು ದಬದಬನೆ ಬಿತ್ತು. ಜೆಸಿಬಿ ಬಂದಾಗಿತ್ತು. ಧೂಳಿನ ನಡುವೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೆಂಡತಿಯೂ ಬರುತ್ತಿದ್ದಳು. ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದಳು.

"ಆಯ್ತಾ? ಮೂರೂ ಹೋದ್ವಾ ಮೇಲೆ?"

"ನಿನ್ನ ಅಪ್ಪಣೆ ಆದಮೇಲೆ ಆಗದೆ ಇರತ್ತಾ? ಹೋಗು, ನಿನ್ನ ಚಿಲ್ಲರೆ ಸಿಂಹಾಸನದ ಮೇಲೆ ಕೂತಿದೆ."

ಅವಳು ನಿಂತಲ್ಲೇ ನಿಂತಳು. "ಚಿಲ್ಲರೆ ಯಾಕೆ? ನಾನು ಬಟ್ಟೆ ಕಟ್ಟಿದ್ದು ಮದುಮಗನಿಗಲ್ವಾ?"

"ಅದಕ್ಕೇ ಕಡಿದು ಬಿಸಾಕಿದೆ."

"ಕಡಿದ್ರಾ!"

"ಕೆಂಪು ಬಟ್ಟೆ ಕಟ್ಟಿದ್ರೆ ಇನ್ನೇನು ಮಾಡಬೇಕು? ಪೂಜೆ ಮಾಡ್ಬೇಕಾ?"

"ಅಯ್ಯೋ ರೀ, ನಮ್ಮ ಕಾರ್ಖಾನೇಲಿ ಪಾಸಾದ ಅಂಗಿ ಗಂಟಿಗೆ ಕೆಂಪು ಬಟ್ಟೆ ಕಟ್ಟೋದು! ಇದು ಮುಂದಕ್ಕೆ ಹೋಗಲಿ ಅಂತ. ದಿನಾ ಕಟ್ಟಿ ಕಟ್ಟಿ ಕೈ ಅದನ್ನೇ ಮಾಡ್ತು. ಬಾಯಲ್ಲೂ ಹೇಳಿದ್ನಲ್ಲ, ಮೂರನೇದಕ್ಕೆ ಕಟ್ಟಿದೀನಿ ಅಂತ. ಹೂಂ ಅಂದ್ರಲ್ಲ?" ಅವಳ ದನಿ ಇಳಿಯಿತು. "ನಿಮ್ಮದು ಅಂತ ಇನ್ನೊಂದಿರಲಿ ಅಂದ್ರಲ್ಲ, ಹಾಗಾದ್ರೆ ಇರಲಿ ಅಂತ ಕಟ್ಟಿದ್ದೆ."

ಕಿಡಿಯಣ್ಣನಿಗೆ ಬೈಯಲು ಯಾರೂ ಸಿಗಲಿಲ್ಲ, ತಾನೊಬ್ಬನೇ ಸಿಕ್ಕಿದ್ದು. ತಿರುಗಿ ನೋಡಿದರೆ ಮದುಮಗ ರಸ್ತೆಯಲ್ಲಿ ಬಿದ್ದಿದ್ದಾನೆ, ಜೆಸಿಬಿಯ ದೊಡ್ಡ ಚಕ್ರ ಅದರ ಕಡೆಗೇ ಉರುಳುತ್ತಿದೆ.

"ರೀ, ಬೇಡ!" ಎಂದು ಅವಳು ಕೂಗುವಷ್ಟರಲ್ಲಿ ಅವನು ನುಗ್ಗಿಯಾಗಿತ್ತು. ಜೆಸಿಬಿಯ ಬಕೆಟ್ಟು ತಲೆಯ ಮೇಲೆ ತೂಗುತ್ತಿತ್ತು. ಚಾಲಕ ಬ್ರೇಕು ತುಳಿದು ಕಿಟಕಿಯಿಂದ ಹೊರಗೆ ಬಗ್ಗಿದ.

"ಏಯ್ ಯಜಮಾನ! ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?"

ಬೇರೆ ದಿನವಾಗಿದ್ದರೆ ಆ ಚಾಲಕನ ಏಳು ತಲೆಮಾರು ಬೀದಿಗೆ ಬರುತ್ತಿತ್ತು. ಅಂದು ಅವನು ತಲೆ ಎತ್ತಲಿಲ್ಲ. ಚಕ್ರ ಆಗಲೇ ಗಿಡದ ಮುಕ್ಕಾಲು ಭಾಗ ಹತ್ತಿ ನಿಂತಿತ್ತು. ಮುಳ್ಳು ಅಂಗೈಗೆ ಇಳಿಯುತ್ತಿದ್ದರೂ ಹಿಡಿದು ಎಳೆದ. ಕೈಗೆ ಬಂದದ್ದು ಗೇಣುದ್ದದ ಒಂದು ಟೊಂಗೆ, ತುದಿಯಲ್ಲಿ ಜಜ್ಜಿಹೋದ ಮೊಗ್ಗು.

ಹೆಂಡತಿ ಅದನ್ನು ಕಸಿದುಕೊಂಡಳು. ಮೊಗ್ಗನ್ನು ಮುರಿದಳು, ಎಲೆ ಕಿತ್ತಳು, ಅಡುಗೆಮನೆಯ ಚಾಕುವಿನಿಂದ ಕೆಳತುದಿಯನ್ನು ಓರೆಯಾಗಿ ಕೊಯ್ದಳು. ತಾರಸಿಗೆ ಹೋಗಿ ಚಿಲ್ಲರೆಯ ಡ್ರಮ್ಮಿನ ಅಂಚಿನಲ್ಲೇ ನೆಟ್ಟಳು. ಕೆಳಗೆ ಅವರದೇ ಕಾಂಪೌಂಡು ಗೋಡೆ ಬೀಳುತ್ತಿತ್ತು. ಇಬ್ಬರೂ ಬಗ್ಗಿ ನೋಡಲಿಲ್ಲ.

"ಬೇರು ಬಿಡತ್ತಾ?"

"ಬಿಟ್ರೆ ಬಿಡ್ತು, ಇಲ್ದಿದ್ರೆ ಇಲ್ಲ. ಕಸಿ ಗಿಡದ ಕಡ್ಡಿ ಬೇರು ಬಿಡೋದು ಕಷ್ಟ ಅಂತಾರೆ" ಎಂದಳು. ಅವನ ಅಂಗೈ ಹಿಡಿದು ಮುಳ್ಳು ಕೀಳತೊಡಗಿದಳು. ಮೆಲ್ಲಗೇನೂ ಕೀಳಲಿಲ್ಲ.

ಅಂದಿನಿಂದ ಅವನಿಗೆ ಬೇರೊಂದು ಸಂಕಟ. ಕಡ್ಡಿ ಸತ್ತಿದೆಯೋ ಬದುಕಿದೆಯೋ ತಿಳಿಯಲು ಒಂದೇ ದಾರಿ: ಉಗುರಿನಿಂದ ಸಿಪ್ಪೆ ಕೆರೆದು ಒಳಗೆ ಹಸಿರಿದೆಯೇ ನೋಡುವುದು. ಹಾಗೆ ದಿನಾ ಕೆರೆದರೆ ಬದುಕಿದ್ದ ಕಡ್ಡಿಯೂ ಸಾಯುತ್ತದೆ. ಕಾಯುವುದೆಂದರೆ ಏನೆಂದು ಜನ್ಮದಲ್ಲಿ ತಿಳಿಯದವನು ಶೆಡ್ಡಿಗೆ ಹೊರಡುವ ಮೊದಲು ತಾರಸಿಗೆ ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ.

"ಮುಟ್ಟಿದ್ರೆ ನೋಡಿ!" ಎಂದು ಕೆಳಗಿನಿಂದ ಕೂಗು ಬರುತ್ತದೆ. ಅವಳಿಗೆ ಅಲ್ಲಿಂದ ಏನೂ ಕಾಣುವುದಿಲ್ಲ, ಆದರೂ.

"ಮುಟ್ಟಿಲ್ಲ ಕಣೇ" ಎಂದು ಅವನು ಎರಡೂ ಕೈಯನ್ನು ಕಂಕುಳಲ್ಲಿ ಹುದುಗಿಸಿಕೊಂಡು ಇನ್ನಷ್ಟು ಹೊತ್ತು ಕೂರುತ್ತಾನೆ.