ಅಕ್ಕನ ಪಾಲಿನ ಬದಾಮಿ

ಏಕೀಕರಣವಾದ ವರ್ಷ ಅಕ್ಕ ಹೆರಿಗೆಗೆಂದು ಮುಂಡರಗಿಯ ನಮ್ಮ ಮನೆಗೆ ಬಂದಿದ್ದಳು. ಮೈಯಲ್ಲಿ ರಕ್ತವಿಲ್ಲ, ದಿನಾ ನೆನೆಸಿದ ಬದಾಮಿ ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಗದಗಿನಿಂದ ಒಂದು ಪೊಟ್ಟಣ ತಂದುಕೊಟ್ಟ. ಅವ್ವ ಸಂಜೆ ಐದು ಬದಾಮಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಸಿಪ್ಪೆ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ನಾನು ಗರಡಿಮನೆಗೆ ಹೋಗುವ ಮಗ.

“ಆಕಿಗೆ ಶೇಂಗಾ ಸಾಕು” ಎನ್ನುತ್ತಿದ್ದಳು.

ಒಮ್ಮೆ ಅಪ್ಪ ಅಕ್ಕನನ್ನು ಕೇಳಿದ: “ದಿನಾ ಬದಾಮಿ ತಿನ್ನಾಕತ್ತಿ ಹೌದಿಲ್ಲವ್ವಾ?”

ಅಕ್ಕ ನನ್ನ ಮುಖ ನೋಡಿ, “ತಿನ್ನಾಕತ್ತೀನಪ್ಪಾ” ಎಂದಳು.

ಹೆರಿಗೆಯಾದ ಮೂರನೇ ದಿನ ಅಕ್ಕ ತೀರಿಕೊಂಡಳು. ದಿನಾ ಬದಾಮಿ ತಿಂದರೂ ಹೀಗಾಯಿತಲ್ಲ ಎಂದು ಅಪ್ಪ ತಾನು ಸಾಯುವತನಕ ಬಂದವರಿಗೆಲ್ಲ ಹೇಳುತ್ತಿದ್ದ. ಅವ್ವನಾಗಲಿ ನಾನಾಗಲಿ ಬಾಯಿ ಬಿಡಲಿಲ್ಲ.