ಮೀಟರಿಗೆ ಹಬೆ

ಮೀಟರ್ ಶೇಕಡಾ ಮೂವತ್ತಕ್ಕಿಂತ ಕಡಿಮೆ ತೇವಾಂಶ ತೋರಿಸಿದರೆ ಯಾರೂ ಸರ್ಕ್ಯೂಟ್ ಬೋರ್ಡ್ ಮುಟ್ಟಬಾರದು. ಕಡಲ ದಂಡೆಯ ಟೊರೆನ್ಸ್ ಊರಿನ ನಮ್ಮ ಲ್ಯಾಬಿಗೆ ಈ ನಿಯಮ ಬರೆದವನು ನಾನೇ. ಒಣಹವೆಯಲ್ಲಿ ಬೆರಳಿನಿಂದ ಒಂದು ಕಿಡಿ ಸಿಡಿದರೆ ಸಾಕು, ಬೋರ್ಡ್ ಸತ್ತಂತೆ.

ಅಕ್ಟೋಬರಿನ ಆ ಬೆಳಿಗ್ಗೆ ಮರುಭೂಮಿಯ ಕಡೆಯಿಂದ ಒಣಗಾಳಿ ನುಗ್ಗಿ ಸಮುದ್ರದ ಮಂಜನ್ನೆಲ್ಲ ಗುಡಿಸಿಹಾಕಿತ್ತು. ತುಟಿ ಒಡೆದಿತ್ತು. ಬಾಗಿಲ ಹಿಡಿ ಮುಟ್ಟಿದವರೆಲ್ಲ ಶಾಕ್ ಹೊಡೆಸಿಕೊಂಡು 'ಅಯ್ಯೋ' ಎನ್ನುತ್ತಿದ್ದರು. ಮೀಟರಿನಲ್ಲಿ ಹದಿನೆಂಟು. ಸಂಜೆಯೊಳಗೆ ಸ್ಯಾನ್ ಡಿಯಾಗೋದ ಗಿರಾಕಿಗೆ ಕೊನೆಯ ಬೋರ್ಡ್ ಹೊರಡದಿದ್ದರೆ ಆರ್ಡರ್ ಕ್ಯಾನ್ಸಲ್.

ಆರ್ಡರಿನ ಹೊಣೆ ಹೊತ್ತಿದ್ದ ಉಡುಪಿಯ ಭಟ್ಟರು ಊಟದ ಕೋಣೆಯಿಂದ ರೈಸ್ ಕುಕ್ಕರ್ ತಂದು ನೀರು ಕುದಿಸಿದರು. ಗೋಡೆಯಿಂದ ಮೀಟರ್ ಇಳಿಸಿ ಅದರ ಪಕ್ಕ ಇಟ್ಟು, ಎರಡಕ್ಕೂ ಸೇರಿಸಿ ಟವೆಲ್ ಹೊದಿಸಿದರು, ಥೇಟ್ ಶೀತವಾದ ಮಗುವಿಗೆ ಹಬೆ ಕೊಡುವ ಹಾಗೆ.

"ಸಾರ್, ನಲವತ್ತು ಬಂತು!"

"ಭಟ್ರೇ, ನೆಗಡಿ ಆಗಿರೋದು ಮೀಟರಿಗಲ್ಲ, ರೂಮಿಗೆ."

"ನಿಮ್ಮ ನಿಯಮದಲ್ಲಿ ಮೀಟರ್ ಅಂತ ತಾನೇ ಇರೋದು? ರೂಮ್ ಅಂತ ಎಲ್ಲಿದೆ?"

ಓದಿ ನೋಡಿದೆ. ಎಲ್ಲೂ ಇರಲಿಲ್ಲ. ನಿಯಮ ಎಂದರೆ ನಿಯಮ, ಕೆಲಸ ಶುರು ಮಾಡಬಹುದು ಎಂದು ಸಹಿ ಹಾಕಿದೆ.

ಬೋರ್ಡಿಗೆ ಬೆಸುಗೆ ಹಾಕಬೇಕಿದ್ದ ನಳಿನಿಯವರು ಮಾತ್ರ ಕೈಕಟ್ಟಿ ಕೂತಿದ್ದರು.

"ಕೆಲಸ ಮಾಡೋಳು ನಾನು ಟವೆಲ್ ಹೊರಗೆ ಕೂತಿದ್ದೀನಲ್ಲ ಸಾರ್? ಕಿಡಿ ಸಿಡಿಯೋದು ನನ್ನ ಬೆರಳಿಂದ, ಈ ಹಬೆಗೆ ಅನ್ನನಾದ್ರೂ ಬೇಯಲಿ," ಎಂದವರೇ ಎದ್ದು, ಟವೆಲಿನಡಿಯಿಂದ ಕುಕ್ಕರನ್ನು ಎಳೆದುಕೊಂಡು, ಕುದಿಯುತ್ತಿದ್ದ ನೀರಿಗೆ ಅಕ್ಕಿ ಹಾಕಿ ಮುಚ್ಚಳ ಮುಚ್ಚಿದರು.